ಔಷಧ ಕೊಟ್ಟ ಮೇಲಿನ ಕಾವಲು

ಗದ್ದೆಗೆ ಕಾಲುವೆಯ ನೀರು ಬಿಟ್ಟ ರೈತನು ತೂಬು ಎತ್ತಿದ ಕೂಡಲೇ ಮನೆಗೆ ಹೋಗಿ ಮಲಗುವುದಿಲ್ಲ. ನೀರು ಎಲ್ಲಿಗೆ ಹೋಯಿತು, ಎಲ್ಲಿ ಹೆಚ್ಚಾಯಿತು, ಯಾವ ಬದು ಸೋರುತ್ತಿದೆ ಎಂದು ಬದುವಿನ ಮೇಲೆ ನಿಂತು ನೋಡುತ್ತಾನೆ. ಔಷಧದ ಮಾತೂ ಹೀಗೆಯೇ. ವೈದ್ಯರು ಚೀಟಿ ಬರೆದರು, ದಾದಿಯರು ಸೂಜಿ ಹಾಕಿದರು, ಅಲ್ಲಿಗೆ ಕೆಲಸ ಮುಗಿಯಿತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಒಳಗೆ ಹೋದ ಔಷಧವು ಏನು ಮಾಡುತ್ತಿದೆ, ಒಳ್ಳೆಯದನ್ನೋ ಕೆಟ್ಟದ್ದನ್ನೋ ಎಂದು ನೋಡುವುದು ಉಳಿದ ಅರ್ಧ. ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಈ ಕಾವಲು ಕಾಯುವವರು ದಾದಿಯರು. ಅವರ ಕೆಲಸ ಏನು, ಅದರಲ್ಲಿ ರೋಗಿಯ ಮನೆಯವರ ಪಾಲು ಏನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯವರಿಗೆ ಈ ವಿಷಯ ದೂರದ್ದಲ್ಲ. 2024ನೆಯ ಇಸವಿ ನವೆಂಬರ್ ತಿಂಗಳಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಮೂಲಕ ಹೆರಿಗೆಯಾದ ಕೆಲವು ಬಾಣಂತಿಯರಿಗೆ ಮೂತ್ರಪಿಂಡಗಳು ಕೆಟ್ಟು, ಅವರಲ್ಲಿ ಐವರು ತೀರಿಕೊಂಡರು. ಸರ್ಕಾರವು ತಜ್ಞರ ತಂಡವನ್ನು ಕಳುಹಿಸಿತು. ರಕ್ತನಾಳದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದುದರಿಂದ, ಅದನ್ನು ಒದಗಿಸಿದ ಕಂಪನಿಯ ಬಾಟಲಿಗಳ ಬಳಕೆಯನ್ನು ರಾಜ್ಯದಲ್ಲಿ ತಡೆಯಲಾಯಿತು. ತಪ್ಪು ಯಾರದೆಂದು ಗೊತ್ತುಮಾಡುವುದು ತನಿಖೆಯ ಕೆಲಸ. ಅದು ಇಲ್ಲಿಯ ವಿಷಯವಲ್ಲ. ಆದರೆ ಆ ತಾಯಂದಿರ ಸಾವಿನಿಂದ ಒಂದು ಮಾತನ್ನು ನಾವೆಲ್ಲರೂ ಕಲಿಯಬೇಕು. ಗುಣಪಡಿಸಲೆಂದು ಕೊಡುವ ಯಾವ ವಸ್ತುವೂ, ಬರಿಯ ಉಪ್ಪುನೀರಿನಂತೆ ಕಾಣುವ ಬಾಟಲಿ ಸಹ, ಕೊಟ್ಟ ಮೇಲೆ ಕಣ್ಣಿಟ್ಟು ನೋಡದೆ ಬಿಡತಕ್ಕದ್ದಲ್ಲ.

ಕೊಡುವುದಕ್ಕೆ ಮೊದಲು

ಔಷಧದ ತಟ್ಟೆ ಹಿಡಿದು ಮಂಚದ ಬಳಿಗೆ ಬರುವ ದಾದಿ ಐದು ಸಂಗತಿಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ. ರೋಗಿ ಇವರೇ ಹೌದೇ? ಔಷಧ ಇದೇ ಹೌದೇ? ಪ್ರಮಾಣ ಸರಿಯೇ? ಬಾಯಿಂದಲೋ, ಸ್ನಾಯುವಿಗೋ, ರಕ್ತನಾಳಕ್ಕೋ, ಯಾವ ಮಾರ್ಗ? ಹೊತ್ತು ಸರಿಯೇ? ಈ ಐದರಲ್ಲಿ ಒಂದು ತಪ್ಪಿದರೂ ಒಳ್ಳೆಯ ಔಷಧವೇ ವಿಷವಾಗಬಹುದು.

ಮೊದಲನೆಯ ಪ್ರಶ್ನೆಯನ್ನೇ ನೋಡೋಣ. ನಮ್ಮ ಸೀಮೆಯ ಯಾವ ವಾರ್ಡಿಗೆ ಹೋದರೂ ಇಬ್ಬರು ಹುಲಿಗೆಮ್ಮ, ಮೂವರು ಬಸಮ್ಮ, ನಾಲ್ವರು ಈರಣ್ಣ ಸಿಕ್ಕರೆ ಆಶ್ಚರ್ಯವಿಲ್ಲ. "ಹುಲಿಗೆಮ್ಮ ಯಾರು?" ಎಂದು ಕೂಗಿದರೆ ನಿದ್ದೆಗಣ್ಣಿನಲ್ಲಿ ಇಬ್ಬರೂ "ಹ್ಞೂಂ" ಎನ್ನುತ್ತಾರೆ. ಆದುದರಿಂದಲೇ ತಿಳಿದ ದಾದಿ "ನೀವು ಹುಲಿಗೆಮ್ಮನೇ?" ಎಂದು ಕೇಳುವುದಿಲ್ಲ. "ಅಜ್ಜಿ, ನಿಮ್ಮ ಹೆಸರು, ಯಜಮಾನರ ಹೆಸರು, ಊರು ಹೇಳ್ರಿ" ಎಂದು ಕೇಳಿ, ಚೀಟಿಯ ನಂಬರಿಗೆ ತಾಳೆ ನೋಡುತ್ತಾರೆ. "ಎಷ್ಟು ಸಲ ಹೆಸರು ಹೇಳಬೇಕ್ರಿ?" ಎಂದು ಅಜ್ಜಿ ಬೇಸರಪಡಬಾರದು. ಸೂಜಿ ಹಾಕುವಾಗೆಲ್ಲ ಹೆಸರು ಕೇಳುವ ದಾದಿಯೇ ಎಚ್ಚರಿಕೆಯ ದಾದಿ.

ಬಾಟಲಿಯ ಚೀಟಿಯನ್ನು ಮೂರು ಸಲ ಓದುವುದು ರೂಢಿ: ಬೀರುವಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ, ರೋಗಿಗೆ ಕೊಡುವ ಮೊದಲು. ಒಂದೇ ಆಕಾರದ, ಹತ್ತಿರ ಹತ್ತಿರದ ಹೆಸರಿನ ಸೀಸೆಗಳು ಅನೇಕ ಇರುವುದರಿಂದ ಕೈರೂಢಿಯನ್ನು ನಂಬುವಂತಿಲ್ಲ. ಅವಧಿ ಮುಗಿದಿದೆಯೇ, ದ್ರಾವಣ ಮಬ್ಬಾಗಿದೆಯೇ, ಬೆಳಕಿಗೆ ಹಿಡಿದರೆ ಕಸ ತೇಲುತ್ತದೆಯೇ, ಬಾಟಲಿ ಸೋರುತ್ತಿದೆಯೇ ಎಂದೂ ನೋಡಬೇಕು. ಎಷ್ಟು ನೋಡಿದರೂ ಎಲ್ಲ ದೋಷವೂ ಕಣ್ಣಿಗೆ ಕಾಣುವುದಿಲ್ಲ. ತಿಳಿಯಾದ ನೀರಿನಲ್ಲಿಯೂ ಜ್ವರ ತರಿಸುವ ಕಲ್ಮಷ ಕರಗಿರಬಹುದು. ಇದರಿಂದಲೇ ಕೊಟ್ಟ ಮೇಲಿನ ಕಾವಲು ಅಗತ್ಯ.

ಇನ್ನು ಕೆಲವು ಔಷಧಗಳ ವಿಷಯದಲ್ಲಿ ಇಬ್ಬರು ದಾದಿಯರು ಸೇರಿ ಲೆಕ್ಕ ನೋಡುತ್ತಾರೆ. ಇನ್ಸುಲಿನ್, ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಇಂಥವು. ಪೊಟ್ಯಾಸಿಯಂ ಕ್ಲೋರೈಡನ್ನು ಬೆರಕೆ ಮಾಡದೆ ನೇರವಾಗಿ ನಾಳಕ್ಕೆ ತಳ್ಳಿದರೆ ಹೃದಯವೇ ನಿಂತುಹೋಗಬಹುದು. ಆದುದರಿಂದ ಅದನ್ನು ಹೆಚ್ಚು ದ್ರಾವಣದಲ್ಲಿ ಬೆರೆಸಿ ನಿಧಾನವಾಗಿ ಮಾತ್ರ ಕೊಡತಕ್ಕದ್ದು.

ಕೊಟ್ಟ ಮೇಲೆ

ಔಷಧ ಕೊಟ್ಟ ಮೇಲೆ ದಾದಿಯ ಮನಸ್ಸಿನಲ್ಲಿ ಮೂರು ಪ್ರಶ್ನೆಗಳಿರುತ್ತವೆ. ಯಾವ ಕಾರಣಕ್ಕೆ ಕೊಟ್ಟೆವೋ ಆ ಕೆಲಸ ಆಯಿತೇ? ಆಗಬಾರದ್ದು ಏನಾದರೂ ಆಗುತ್ತಿದೆಯೇ? ಮುಂದಿನ ಸಲ ಇಷ್ಟೇ ಕೊಡಬಹುದೇ?

ಉತ್ತರ ಸಿಗುವುದು ಅಳತೆಯಿಂದ. ನಾಡಿ, ಉಸಿರು, ರಕ್ತದ ಒತ್ತಡ, ಮೈಯ ಬಿಸಿ, ಮೂತ್ರದ ಪ್ರಮಾಣ, ರೋಗಿಯ ಎಚ್ಚರ, ಇವುಗಳನ್ನು ಔಷಧಕ್ಕೆ ಮೊದಲು ಒಮ್ಮೆ ಬರೆದಿಟ್ಟಿದ್ದರೆ ಮಾತ್ರ ಆಮೇಲಿನ ಅಳತೆಗೆ ಅರ್ಥ ಬರುತ್ತದೆ. ನಾಡಿ 110 ಇದ್ದರೆ ಹೆಚ್ಚೋ ಕಡಿಮೆಯೋ? ಒಂದು ಗಂಟೆಯ ಹಿಂದೆ 130 ಇತ್ತು ಎಂದರೆ ರೋಗಿ ಸುಧಾರಿಸುತ್ತಿದ್ದಾನೆ. 80 ಇತ್ತು ಎಂದರೆ ಕೆಡುತ್ತಿದ್ದಾನೆ. ಮಂಚದ ಕಾಲಿಗೆ ತೂಗಿರುವ ಆ ಪಟ್ಟಿಯ ಕಾಗದ ಇದಕ್ಕಾಗಿಯೇ ಇರುವುದು. ಪಾಳಿ ಬದಲಾಗಿ ಬಂದ ಹೊಸ ದಾದಿಗೆ ಹಿಂದಿನ ಎಂಟು ಗಂಟೆಗಳ ಕಥೆಯನ್ನು ಹೇಳುವುದು ಅದೇ.

ಯಾವ ಹೊತ್ತಿಗೆ ನೋಡಬೇಕೆಂಬುದು ಮಾರ್ಗದ ಮೇಲಿದೆ. ರಕ್ತನಾಳಕ್ಕೆ ಕೊಟ್ಟದ್ದು ನಿಮಿಷಗಳಲ್ಲಿಯೇ ಕೆಲಸ ಆರಂಭಿಸುತ್ತದೆ. ಸ್ನಾಯುವಿಗೆ ಕೊಟ್ಟದ್ದು ಸ್ವಲ್ಪ ನಿಧಾನ. ನುಂಗಿದ ಮಾತ್ರೆಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಬೇಕು. ಆದುದರಿಂದ ನಾಳದ ಸೂಜಿ ಹಾಕಿದ ಮೊದಲ ಕೆಲವು ನಿಮಿಷ ದಾದಿ ಪಕ್ಕದಲ್ಲಿಯೇ ಇರುತ್ತಾರೆ.

ಐದು ಉದಾಹರಣೆಗಳು

ಒಂದು, ಒಗ್ಗದ ಔಷಧ. ಪೆನಿಸಿಲಿನ್ ಮೊದಲಾದ ರೋಗಾಣುನಾಶಕ ಸೂಜಿಗಳು ಬಹುಮಂದಿಗೆ ಒಗ್ಗುತ್ತವೆ. ಅಪರೂಪಕ್ಕೆ ಒಬ್ಬರಿಗೆ ಒಗ್ಗದೆ ಮೈಯೆಲ್ಲ ದದ್ದು ಏಳುವುದು, ತುಟಿ ನಾಲಿಗೆ ಬಾಯುವುದು, ಉಸಿರು ಕಟ್ಟುವುದು, ಒತ್ತಡ ಇಳಿದು ಕಣ್ಣು ಕತ್ತಲೆ ಬರುವುದು ಉಂಟು. ಇದು ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಕೂಡಲೇ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಕೊಟ್ಟರೆ ಉಳಿಸಲೂಬಹುದು. ಮಕ್ಕಳಿಗೆ ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂರಿಸುವುದು ಇದೇ ಕಾರಣಕ್ಕೆ. ಸೂಜಿ ಮಾಡಿಸಿಕೊಂಡು ಓಡಿಹೋಗಿ ಬಸ್ಸು ಹಿಡಿಯುವುದು ಒಳ್ಳೆಯದಲ್ಲ. ದಾರಿಯಲ್ಲಿ ಉಸಿರು ಕಟ್ಟಿದರೆ ಬಸ್ಸಿನಲ್ಲಿ ಅಡ್ರಿನಲಿನ್ ಎಲ್ಲಿಂದ ಬರಬೇಕು?

ಎರಡು, ಹಾವಿನ ಕಡಿತ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿಯೂ ಕುರುಗೋಡಿನ ಹೊಲಗಳಲ್ಲಿಯೂ ದುಡಿಯುವವರಿಗೆ ಇದರ ಭಯ ಹೊಸದಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಸಾರಿತು. ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಎದುರಾಗಿ ನಿಲ್ಲುತ್ತದೆ. ಆದರೆ ಅದನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಕೆಲವರ ಮೈಗೆ ಒಗ್ಗುವುದಿಲ್ಲ. ಆದುದರಿಂದ ದಾದಿ ಅಡ್ರಿನಲಿನ್ ತುಂಬಿದ ಸಿರಿಂಜನ್ನು ಪಕ್ಕದಲ್ಲಿ ಇಟ್ಟುಕೊಂಡೇ ಪ್ರತಿವಿಷ ಆರಂಭಿಸುತ್ತಾರೆ; ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೊಮ್ಮೆ ನಾಡಿ, ಒತ್ತಡ, ಉಸಿರು ನೋಡುತ್ತಾರೆ.

ಪ್ರತಿವಿಷ ಸಾಕಾಯಿತೇ ಎಂದು ತಿಳಿಯುವ ಬಗೆಯೂ ಸರಳವಾಗಿದೆ. ಮಂಡಲದ ಹಾವುಗಳ ವಿಷವು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಒಣಗಿದ ಶುದ್ಧವಾದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಬಾಗಿಸಿದಾಗ ರಕ್ತ ಹೆಪ್ಪಾಗಿ ನಿಂತರೆ ಸರಿ. ನೀರಿನಂತೆ ಹರಿದರೆ ವಿಷ ಇನ್ನೂ ಇದೆ. ಔಷಧ ಕೊಟ್ಟ ಆರು ಗಂಟೆಗೆ ಮತ್ತೆ ನೋಡುತ್ತಾರೆ. ಪದೇ ಪದೇ ರಕ್ತ ತೆಗೆಯುತ್ತಾರೆಂದು ಮನೆಯವರು ಜಗಳಕ್ಕೆ ನಿಲ್ಲುವುದುಂಟು. ಆ ನಳಿಕೆಯೇ ಮುಂದಿನ ಔಷಧ ಬೇಕೋ ಬೇಡವೋ ಎಂದು ಹೇಳುವ ಸಾಕ್ಷಿ ಎಂಬುದನ್ನು ತಿಳಿದರೆ ಜಗಳ ಇರುವುದಿಲ್ಲ.

ಮೂರು, ಬಸುರಿಯರಿಗೆ ಒತ್ತಡ ಏರಿ ಫಿಟ್ಸ್ ಬರುವ ಕಾಯಿಲೆ. ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಔಷಧ ಕೊಡುತ್ತಾರೆ. ಅನೇಕ ತಾಯಂದಿರನ್ನು ಉಳಿಸಿದ ಔಷಧ ಇದು. ಆದರೆ ಇದು ಮೈಯಿಂದ ಹೊರಗೆ ಹೋಗುವುದು ಮೂತ್ರದ ಮೂಲಕ. ಮೂತ್ರ ಕಡಿಮೆಯಾದರೆ ಔಷಧ ಒಳಗೇ ಕೂಡುತ್ತ ಹೋಗಿ ಮೊದಲು ಸ್ನಾಯುಗಳನ್ನೂ ಆಮೇಲೆ ಉಸಿರನ್ನೂ ಹಿಡಿದುಬಿಡುತ್ತದೆ. ಆದುದರಿಂದ ಮುಂದಿನ ಸೂಜಿಗೆ ಮೊದಲು ದಾದಿ ಮೂರನ್ನು ನೋಡಲೇಬೇಕು. ಮಂಡಿಯ ಚಿಪ್ಪಿನ ಕೆಳಗೆ ತಟ್ಟಿದಾಗ ಕಾಲು ಜಿಗಿಯಬೇಕು. ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆ ಇರಬಾರದು. ಮೂತ್ರ ಗಂಟೆಗೆ 30 ಮಿಲಿಲೀಟರಿಗೆ ಕಡಿಮೆ ಇರಬಾರದು. ಒಂದು ತಪ್ಪಿದರೂ ಸೂಜಿಯನ್ನು ತಡೆದು ವೈದ್ಯರನ್ನು ಕರೆಯುತ್ತಾರೆ. ಉಸಿರು ಕುಂದಿದರೆ ಇಳಿಸಲು ಕ್ಯಾಲ್ಸಿಯಂ ಗ್ಲುಕೊನೇಟ್ ಸಿದ್ಧವಾಗಿರುತ್ತದೆ.

ಬಾಣಂತಿಯ ಮಂಚಕ್ಕೆ ತೂಗಿದ ಮೂತ್ರದ ಚೀಲವನ್ನು ಗಂಟೆಗಂಟೆಗೂ ಬಗ್ಗಿ ನೋಡುವ ದಾದಿಯನ್ನು ಕಂಡಾಗ ಇದು ಹೊಲಸು ಕೆಲಸವೆಂದು ಭಾವಿಸಬೇಡಿ. ಯಾವ ಔಷಧದಿಂದಲೇ ಆಗಲಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದರೆ ಮೊದಲ ಸೂಚನೆ ಬಹಳ ಸಲ ಆ ಚೀಲದಲ್ಲಿಯೇ ಕಾಣುವುದು.

ನಾಲ್ಕು, ಸಕ್ಕರೆ ಕಾಯಿಲೆ. ಇನ್ಸುಲಿನ್ ಹಾಕುವ ಮೊದಲು ದಾದಿ ರಕ್ತದ ಸಕ್ಕರೆ ನೋಡಿ, ಊಟದ ತಟ್ಟೆ ಬಂದಿದೆಯೇ ಎಂದೂ ಕೇಳುತ್ತಾರೆ. ಸೂಜಿ ಹಾಕಿ ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಇಳಿದರೆ ಬೆವರು, ಕೈನಡುಕ, ಹಸಿವು, ತಡವರಿಸುವ ಮಾತು ಕಾಣುತ್ತವೆ; ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ. ಹಳ್ಳಿಯಲ್ಲಿ ಇದು ಆಗುವುದು ಬೆಳಿಗ್ಗೆ ಔಷಧ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಹೊಲಕ್ಕೆ ಹೋದಾಗ, ಇಲ್ಲವೆ ಏಕಾದಶಿಯ ದಿನವೋ ರಂಜಾನ್ ತಿಂಗಳಲ್ಲಿಯೋ ವೈದ್ಯರನ್ನು ಕೇಳದೆ ಉಪವಾಸ ಮಾಡಿದಾಗ. ಎಚ್ಚರ ಇರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು.

ಐದು, ಕ್ಷಯರೋಗ. ಇಲ್ಲಿ ರೋಗಿ ಮಲಗಿರುವುದು ಮನೆಯಲ್ಲಿ. ಔಷಧ ಕನಿಷ್ಠ ಆರು ತಿಂಗಳು. ಕಾವಲು ಕಾಯುವವರು ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್ ಎಂಬ ಔಷಧದ ಬಣ್ಣದಿಂದ; ಅದರಿಂದ ಅಪಾಯವಿಲ್ಲ. ಹೆದರಿ ಮಾತ್ರೆ ಬಿಟ್ಟರೆ ರೋಗ ಮತ್ತೆ ತಲೆಯೆತ್ತಿ ಔಷಧಕ್ಕೆ ಬಗ್ಗದಂತಾಗುತ್ತದೆ. ಆದರೆ ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಹತ್ತಿದರೆ ಯಕೃತ್ತಿಗೆ ತೊಂದರೆಯಾಗಿರಬಹುದು. ದೃಷ್ಟಿ ಮಬ್ಬಾದರೆ, ಕೆಂಪು ಹಸಿರು ಬಣ್ಣ ಗುರುತು ಸಿಗದಿದ್ದರೆ ಎಥಾಂಬುಟಾಲ್ ಎಂಬ ಔಷಧ ಕಣ್ಣಿನ ನರಕ್ಕೆ ತಾಕಿರಬಹುದು. ಇವನ್ನು ಅದೇ ದಿನ ತಿಳಿಸಬೇಕು. ಯಾವುದು ಬರಿಯ ಬಣ್ಣ, ಯಾವುದು ಅಪಾಯ ಎಂದು ಬೇರ್ಪಡಿಸಿ ಹೇಳುವುದೇ ಕಾರ್ಯಕರ್ತೆಯ ವಿದ್ಯೆ.

ಎರಡನೆಯ ಕಾವಲುಗಾರರು

ಬಳ್ಳಾರಿಯ ಪಾರ್ವತಿನಗರದಂಥ ಬಡಾವಣೆಯ ಆಸ್ಪತ್ರೆಯೇ ಆಗಲಿ, ಜನರು ವಿಮ್ಸ್ ಎಂದು ಕರೆಯುವ ದೊಡ್ಡಾಸ್ಪತ್ರೆಯೇ ಆಗಲಿ, ಸಿರುಗುಪ್ಪ ಕುರುಗೋಡುಗಳ ಸರ್ಕಾರಿ ಆಸ್ಪತ್ರೆಯೇ ಆಗಲಿ, ರಾತ್ರಿಯ ಪಾಳಿಯಲ್ಲಿ ಒಬ್ಬಿಬ್ಬರು ದಾದಿಯರು ಹತ್ತಾರು ರೋಗಿಗಳನ್ನು ನೋಡಬೇಕಾಗಿ ಬರುವುದುಂಟು. ಅವರ ಕಣ್ಣು ಒಂದೇ ಹೊತ್ತಿನಲ್ಲಿ ಎಲ್ಲ ಮಂಚಗಳ ಮೇಲೂ ಇರಲಾರದು. ರೋಗಿಯ ಪಕ್ಕದಲ್ಲಿ ಸದಾ ಇರುವವರು ತಾಯಿಯೋ, ಅತ್ತೆಯೋ, ಅಣ್ಣನೋ. ದಾದಿ ಮೊದಲನೆಯ ಕಾವಲು, ನೀವು ಎರಡನೆಯ ಕಾವಲು. ನೀವು ಮಾಡಬೇಕಾದುದು ಇಷ್ಟು:

ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿ ಆಸ್ಪತ್ರೆಗೆ ತನ್ನಿ. ನಾಟಿ ಔಷಧ ಎಂದು ನಾಚಿ ಮುಚ್ಚಿಡಬೇಡಿ. ಮೈಕೈ ನೋವಿಗೆ ಅಂಗಡಿಯಲ್ಲಿ ಕೊಂಡು ನುಂಗುವ ಮಾತ್ರೆಯನ್ನೂ ಹೇಳಿ. ಅವು ಬಹುದಿನ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಹಿಂದೆ ಯಾವ ಔಷಧವಾದರೂ ಒಗ್ಗದೆ ದದ್ದು ಎದ್ದಿದ್ದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಹೆಂಗಸರು ಬಸುರಿಯಾಗಿದ್ದರೆ, ಮೊಲೆಯೂಡಿಸುತ್ತಿದ್ದರೆ ಕೇಳುವ ಮೊದಲೇ ಹೇಳಿ.

ಸಲೈನು ಬೇಗ ಮುಗಿಯಲೆಂದು ನಳಿಕೆಯ ಗಾಲಿಯನ್ನು ನೀವು ತಿರುಗಿಸಲೇಕೂಡದು. ನಿಮಿಷಕ್ಕೆ ಎಷ್ಟು ಹನಿ ಎಂದು ಲೆಕ್ಕಹಾಕಿಯೇ ಅದನ್ನು ಇಟ್ಟಿರುತ್ತಾರೆ. ಮುದುಕರಿಗೂ ಹೃದಯದ ರೋಗಿಗಳಿಗೂ ಮಕ್ಕಳಿಗೂ ನೀರು ಒಮ್ಮೆಗೇ ಹೋದರೆ ಶ್ವಾಸಕೋಶದಲ್ಲಿ ತುಂಬಿ ಉಸಿರಾಡಲು ಆಗದಂತಾಗುತ್ತದೆ.

ಸಲೈನು ಆರಂಭವಾದ ಮೇಲೆ ಚಳಿ ನಡುಕ ಬಂದರೆ "ಫ್ಯಾನಿನ ಗಾಳಿ" ಎಂದು ಕಂಬಳಿ ಹೊದಿಸಿ ಸುಮ್ಮನಾಗಬೇಡಿ. ಕೂಡಲೇ ದಾದಿಯನ್ನು ಕರೆಯಿರಿ. ಅವರು ಹನಿಯನ್ನು ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ಆ ಬಾಟಲಿಯನ್ನೂ ನಳಿಕೆಯನ್ನೂ ಎಸೆಯದೆ ಪರೀಕ್ಷೆಗಾಗಿ ಎತ್ತಿಡುತ್ತಾರೆ. ಬಾಟಲಿಯ ಮೇಲಿನ ತಯಾರಿಕೆಯ ನಂಬರನ್ನು ಬರೆದುಕೊಂಡರೆ ಅದೇ ತಂಡದ ಉಳಿದ ಬಾಟಲಿಗಳನ್ನು ಬೇರೆ ರೋಗಿಗಳಿಗೆ ಹಾಕದೆ ತಡೆಯಬಹುದು. ಒಬ್ಬರ ನಡುಕವನ್ನು ಹೊತ್ತಿಗೆ ಸರಿಯಾಗಿ ಹೇಳಿದರೆ ಹತ್ತು ಜನರ ಪ್ರಾಣ ಉಳಿಯಬಹುದು.

ತುರಿಕೆ, ದದ್ದು, ಏದುಸಿರು, ಎಂದಿಲ್ಲದ ಮಂಪರು, ಸೂಜಿ ಹಾಕಿದಲ್ಲಿ ಬಾವು ಉರಿ, ಮೂತ್ರ ನಿಂತುಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಹೇಳಿ. "ಸಿಸ್ಟರ್ ಬೈದಾರು" ಎಂಬ ಸಂಕೋಚ ಬೇಡ. ನೀವು ಸುಮ್ಮನಿದ್ದು ಬೈಸಿಕೊಳ್ಳುವುದು ತಪ್ಪಬಹುದು, ಹೊತ್ತು ಮಾತ್ರ ಕೈಮೀರುತ್ತದೆ. ದಾದಿಯರಿಗೂ ಒಂದು ಮಾತು ಸಲ್ಲುತ್ತದೆ. ನಡುರಾತ್ರಿ ಕೂಗಿ ಕರೆದ ಮುದುಕಿಯನ್ನು ಒಮ್ಮೆ ಗದರಿಸಿದರೆ ಮುಂದಿನ ಸಲ ಆಕೆ ಕರೆಯುವುದಿಲ್ಲ. ಕರೆಯಬೇಕಾದದ್ದು ಆ ಮುಂದಿನ ಸಲವೇ ಆಗಿರಬಹುದು.

ತೊಂದರೆಯಾದಾಗ ಬರೆದು ಕಳುಹಿಸುವುದು

ಒಂದು ಔಷಧದ ಕೇಡು ಒಂದೇ ಆಸ್ಪತ್ರೆಯಲ್ಲಿ ಕಂಡರೆ ಅದು ಅಕಸ್ಮಾತ್ ಎನಿಸಬಹುದು. ನೂರು ಊರುಗಳಿಂದ ವರದಿ ಬಂದಾಗಲೇ ನಿಜ ತಿಳಿಯುವುದು. 1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ಬಸುರಿಯರ ವಾಕರಿಕೆಗೂ ಅದನ್ನು ಕೊಟ್ಟರು. ಅನೇಕ ದೇಶಗಳಲ್ಲಿ ಕೈಕಾಲು ಬೆಳೆಯದ ಸಾವಿರಾರು ಕೂಸುಗಳು ಹುಟ್ಟಿದ ಮೇಲೆ 1961ರ ಕೊನೆಗೆ ಅದನ್ನು ಹಿಂತೆಗೆದುಕೊಂಡರು. ಆ ಪಾಠದಿಂದಲೇ ಔಷಧದ ಕೇಡುಗಳನ್ನು ಒಟ್ಟುಗೂಡಿಸುವ ಏರ್ಪಾಡು ಲೋಕದಲ್ಲಿ ಬೆಳೆಯಿತು.

ನಮ್ಮ ದೇಶದಲ್ಲಿ ಈ ಕಾರ್ಯಕ್ರಮ 2010ರಲ್ಲಿ ಆರಂಭವಾಗಿ, 2011ರಿಂದ ಘಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದ ಮೂಲಕ ನಡೆಯುತ್ತಿದೆ. ವೈದ್ಯರು ಮಾತ್ರವಲ್ಲ, ದಾದಿಯರೂ ಔಷಧದ ಅಂಗಡಿಯವರೂ ರೋಗಿಗಳೂ ವರದಿ ಮಾಡಬಹುದು. ರೋಗಿಗಳಿಗಾಗಿ ಕನ್ನಡದಲ್ಲಿಯೂ ಅರ್ಜಿಯ ನಮೂನೆ ಇದೆ. 1800-180-3024 ಎಂಬ ನಂಬರಿಗೆ ಕೆಲಸದ ದಿನಗಳಲ್ಲಿ ಖರ್ಚಿಲ್ಲದೆ ಫೋನು ಮಾಡಿಯೂ ತಿಳಿಸಬಹುದು. ಔಷಧದ ಹೆಸರು, ಬಾಟಲಿಯ ನಂಬರು, ಕೊಟ್ಟ ದಿನ, ಆದ ತೊಂದರೆ ಇಷ್ಟು ಹೇಳಿದರೆ ಸಾಕು. ಇದು ಯಾರ ಮೇಲೂ ಹಾಕುವ ದಾವೆಯಲ್ಲ. ಮುಂದಿನ ರೋಗಿಗೆ ಕೊಡುವ ಎಚ್ಚರಿಕೆ.

ಈ ವಾರ ಆಗಬೇಕಾದ ಕೆಲಸ ಒಂದಿದೆ. ಮನೆಯಲ್ಲಿ ದಿನವೂ ಮಾತ್ರೆ ನುಂಗುವವರು ಯಾರಿದ್ದಾರೆ ನೋಡಿ. ಆ ಮಾತ್ರೆಯ ಹೆಸರೇನು, ಏತಕ್ಕೆ, ಯಾವ ತೊಂದರೆ ಕಂಡರೆ ಹೇಳಬೇಕು ಎಂದು ಉಪಕೇಂದ್ರದ ದಾದಿಯನ್ನು ಕೇಳಿ ಒಂದು ಕಾಗದದ ಮೇಲೆ ಬರೆಸಿ, ದಿನವೂ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿ. ಅಕ್ಷರ ಬಾರದವರ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ ಕೇಳಿ. ನೀರು ಬಿಟ್ಟವರು ಬದುವಿನ ಮೇಲೆ ನಿಲ್ಲಬೇಕಷ್ಟೆ.